ಪರದೇಶದಲ್ಲಿ ನೆಲೆಯೂರುವುದು: ಯಾವ ಕಾಗದ ಮೊದಲು, ಯಾವುದು ಆಮೇಲೆ

ಬೇರೆ ದೇಶಕ್ಕೆ ಹೊರಟವರ ತಲೆಯಲ್ಲಿ ತಿಂಗಳುಗಟ್ಟಲೆ ತುಂಬಿಕೊಂಡಿರುವುದು ಎರಡೇ ಸಂಗತಿ: ವೀಸಾ ಮತ್ತು ಸೂಟ್‌ಕೇಸ್. ವೀಸಾ ಕೈಗೆ ಬಂದ ದಿನ ಎಲ್ಲವೂ ಮುಗಿಯಿತೆಂದು ನಿರಾಳರಾಗುತ್ತಾರೆ. ಪೇಚಾಟ ಶುರುವಾಗುವುದು ವಿಮಾನ ಇಳಿದ ಮೇಲೆ. ಬ್ಯಾಂಕಿನವರು ವಿಳಾಸದ ದಾಖಲೆ ಕೇಳುತ್ತಾರೆ. ವಿಳಾಸ ಬೇಕೆಂದರೆ ಮನೆ ಬೇಕು, ಮನೆಯ ಮಾಲೀಕರು ಸ್ಥಳೀಯ ಬ್ಯಾಂಕ್ ಖಾತೆ ಮತ್ತು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಸಂಬಳಕ್ಕೆ ತೆರಿಗೆ ಸಂಖ್ಯೆ ಬೇಕು, ಅದು ಅಂಚೆಯಲ್ಲಿ ಬರುವುದು ನೋಂದಾಯಿಸಿದ ವಿಳಾಸಕ್ಕೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಅದೇ ಸ್ಥಿತಿ.

ಈ ಸುತ್ತಿನಿಂದ ಹೊರಬರಲು ಚುರುಕುತನಕ್ಕಿಂತ ಕ್ರಮ ಮುಖ್ಯ. ಯಾವ ಕಾಗದದಿಂದ ಯಾವ ಕಾಗದ ಹುಟ್ಟುತ್ತದೆ ಎಂಬುದು ಗೊತ್ತಿದ್ದರೆ ಒಂದೂವರೆ ತಿಂಗಳಲ್ಲಿ ಆಗುವ ಕೆಲಸ, ಗೊತ್ತಿಲ್ಲದಿದ್ದರೆ ಆರು ತಿಂಗಳು ಹಿಡಿಯಬಹುದು. ಆದ್ದರಿಂದ ಈ ಮಾರ್ಗದರ್ಶಿಯನ್ನು ಕಾಲಾನುಕ್ರಮದಲ್ಲೇ ಬರೆದಿದ್ದೇನೆ. ಬೇರೆ ಬೇರೆ ದೇಶಗಳ ನಿಯಮಗಳನ್ನು ಉದಾಹರಣೆಗೆಂದು ಕೊಟ್ಟಿದ್ದೇನೆ. ನೀವು ಹೋಗುವ ದೇಶದಲ್ಲಿ ಅದೇ ನಿಯಮ ಇರದಿರಬಹುದು, ಆದರೆ ಅದೇ ಪ್ರಶ್ನೆ ಖಂಡಿತ ಇರುತ್ತದೆ.

ಆರು ತಿಂಗಳ ಮುಂಚೆ: ಹೆಸರು

ಮೊದಲ ಕೆಲಸ ಕುಳಿತಲ್ಲೇ ಆಗುವಂಥದ್ದು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಪದವಿ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ, ಇವಿಷ್ಟನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಒಂದರಲ್ಲಿ ಇನಿಷಿಯಲ್ ಮಾತ್ರ, ಇನ್ನೊಂದರಲ್ಲಿ ಅದರ ವಿಸ್ತರಣೆ, ಮತ್ತೊಂದರಲ್ಲಿ ಮದುವೆಯ ನಂತರದ ಹೆಸರು: ಇಂಥ ವ್ಯತ್ಯಾಸವನ್ನು ಸ್ವಂತ ದೇಶದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪರದೇಶದ ಗುಮಾಸ್ತರಿಗೆ ಅದು ಮೂರು ಬೇರೆ ಬೇರೆ ವ್ಯಕ್ತಿಗಳ ದಾಖಲೆ.

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಕುಲನಾಮದ ಜಾಗ ಖಾಲಿ ಇದ್ದರೆ ಇನ್ನೂ ತೊಡಕು. ಅಮೆರಿಕದ ವೀಸಾದಲ್ಲಿ ಅಂಥವರ ಒಂದೇ ಹೆಸರನ್ನು ಕುಲನಾಮದ ಜಾಗಕ್ಕೆ ಸರಿಸಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಮುದ್ರಿಸುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಎಂಬುದಷ್ಟೇ ಅದರ ಅರ್ಥ. ಆ ಮೂರು ಅಕ್ಷರ ಅಲ್ಲಿಗೇ ನಿಲ್ಲದೆ ಚಾಲನಾ ಪರವಾನಗಿ, ಬ್ಯಾಂಕ್ ಕಾರ್ಡ್, ಕಚೇರಿಯ ಇಮೇಲ್‌ವರೆಗೂ ಬೆನ್ನು ಹತ್ತುತ್ತದೆ. ಹೆಸರು ತಿದ್ದಿಸಬೇಕಿದ್ದರೆ ವೀಸಾ ಅರ್ಜಿ ಹಾಕುವ ಮುನ್ನವೇ ತಿದ್ದಿಸಿ. ವೀಸಾ ಸಿಕ್ಕ ಮೇಲೆ ಪಾಸ್‌ಪೋರ್ಟ್ ಬದಲಾದರೆ ಮತ್ತೆ ಹೊಸ ರಗಳೆ. ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ: ಪ್ರವೇಶದ ಹೊತ್ತಿಗೆ ಇನ್ನೂ ಆರು ತಿಂಗಳು ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ನೆಲೆಸಲು ಹೋಗುವವರಿಗೆ ಎರಡು ಮೂರು ವರ್ಷವಾದರೂ ಉಳಿದಿರುವುದು ಒಳ್ಳೆಯದು, ಏಕೆಂದರೆ ವಾಸದ ಪರವಾನಗಿಯನ್ನು ಪಾಸ್‌ಪೋರ್ಟಿನ ಅವಧಿ ಮುಗಿಯುವ ದಿನಕ್ಕೇ ಕತ್ತರಿಸಿ ಕೊಡುವುದುಂಟು.

ದಾಖಲೆಗಳಿಗೆ ಮುದ್ರೆ

ನಿಮ್ಮ ದೇಶದ ಪ್ರಮಾಣಪತ್ರ ಅಸಲಿ ಎಂದು ಇನ್ನೊಂದು ದೇಶ ನಂಬುವುದು ಹೇಗೆ? ಇದಕ್ಕೆಂದೇ 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಒಂದು ಒಪ್ಪಂದವಾಯಿತು. ಅದರ ಪ್ರಕಾರ ದಾಖಲೆ ಹುಟ್ಟಿದ ದೇಶದ ಅಧಿಕೃತ ಕಚೇರಿ ‘ಅಪೊಸ್ಟಿಲ್’ ಎಂಬ ಒಂದು ಪುಟದ ದೃಢೀಕರಣ ಅಂಟಿಸಿದರೆ ಸಾಕು, ಉಳಿದ ಸದಸ್ಯ ದೇಶಗಳು ಅದನ್ನು ಒಪ್ಪುತ್ತವೆ. ಇಂದು ಸದಸ್ಯರ ಸಂಖ್ಯೆ 120 ದಾಟಿದೆ. ಚೀನಾದಲ್ಲಿ 2023ರ ನವೆಂಬರ್‌ನಿಂದ, ಕೆನಡಾದಲ್ಲಿ 2024ರ ಜನವರಿಯಿಂದ ಇದು ಜಾರಿಗೆ ಬಂದಿದೆ. ಸದಸ್ಯವಲ್ಲದ ದೇಶಕ್ಕೆ ಹೋಗುವುದಾದರೆ ಹಳೆಯ ದಾರಿಯೇ ಗತಿ: ನೋಟರಿ, ವಿದೇಶಾಂಗ ಇಲಾಖೆ, ಆ ದೇಶದ ರಾಯಭಾರ ಕಚೇರಿ, ಹೀಗೆ ಒಂದರ ಮೇಲೊಂದು ಮುದ್ರೆ.

ಇದರಲ್ಲಿ ಅಡಗಿರುವ ಒಂದು ಉಪನಿಯಮ ಹಲವರನ್ನು ಕಾಡಿದೆ. ಹೊಸದಾಗಿ ಸೇರುವ ದೇಶದ ಬಗ್ಗೆ ಹಳೆಯ ಸದಸ್ಯ ದೇಶ ಆಕ್ಷೇಪ ಎತ್ತಬಹುದು. ಎತ್ತಿದರೆ ಆ ಎರಡು ದೇಶಗಳ ಮಟ್ಟಿಗೆ ಒಪ್ಪಂದ ಅನ್ವಯಿಸುವುದಿಲ್ಲ. ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಹೀಗೆ ಆಕ್ಷೇಪಿಸಿತು. ಎರಡೂ ದೇಶಗಳ ಹೆಸರು ಪಟ್ಟಿಯಲ್ಲಿ ಇವೆಯೆಂದು ಹಣ ಕೊಟ್ಟು ಅಪೊಸ್ಟಿಲ್ ಮಾಡಿಸುವ ಮುನ್ನ, ದಾಖಲೆಯನ್ನು ಒಪ್ಪಿಕೊಳ್ಳಬೇಕಾದ ಕಚೇರಿಗೇ ಬರೆದು ಕೇಳಿ. ಮಧ್ಯವರ್ತಿಗಳ ಮಾತು ಇಲ್ಲಿ ಸಾಕಾಗುವುದಿಲ್ಲ.

ಅನುವಾದವನ್ನು ಹೊರಡುವ ಮೊದಲೇ ಮಾಡಿಸುವ ಉತ್ಸಾಹ ಬೇಡ. ಫ್ರಾನ್ಸ್, ಜರ್ಮನಿ, ಸ್ಪೇನ್, ನೆದರ್‌ಲ್ಯಾಂಡ್ಸ್‌ನಂಥ ದೇಶಗಳಲ್ಲಿ ಪ್ರಮಾಣವಚನ ಸ್ವೀಕರಿಸಿದ ಅನುವಾದಕರ ಅಧಿಕೃತ ವ್ಯವಸ್ಥೆಯೇ ಇದೆ, ಅಲ್ಲಿನ ಕಚೇರಿಗಳು ಬಯಸುವುದು ಅವರ ಮೊಹರನ್ನು. ಮೊದಲು ಮುದ್ರೆ, ಆಮೇಲೆ ಅನುವಾದ. ಮುದ್ರೆಯ ಪುಟವೂ ಅನುವಾದವಾಗಬೇಕಾಗಬಹುದು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಕೊನೆಗೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಹಳೆಯದಾದರೆ ಅದನ್ನು ಒಪ್ಪುವುದಿಲ್ಲ.

ಪಟ್ಟಿಯಲ್ಲಿ ಯಾರೂ ಸೇರಿಸದ, ಆದರೆ ಹಣ ಉಳಿಸುವ ಮೂರು ಕಾಗದಗಳಿವೆ. ಹಿಂದಿನ ಮನೆ ಮಾಲೀಕರಿಂದ ಬಾಡಿಗೆ ಬಾಕಿಯಿಲ್ಲವೆಂಬ ಪತ್ರ. ವಾಹನ ವಿಮಾ ಕಂಪನಿಯಿಂದ ಇಷ್ಟು ವರ್ಷ ಪರಿಹಾರ ಕೇಳಿಲ್ಲವೆಂಬ ಪತ್ರ. ಕೆಲವು ಕಡೆ ಇದಕ್ಕೆ ವಿಮಾ ಕಂತಿನಲ್ಲಿ ರಿಯಾಯಿತಿ ಸಿಗುತ್ತದೆ. ಮನೆಯವರೆಲ್ಲರ ಲಸಿಕೆಯ ದಾಖಲೆ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೊದಲು ಕೇಳುವುದೇ ಇದನ್ನು.

ಹೊರಡುವ ವಾರಗಳು

ಸೂಟ್‌ಕೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟ್ಟೆ ಎಲ್ಲೆಡೆ ಸಿಗುತ್ತದೆ. ಬಿಸಿ ಮಾಡುವ ವಿದ್ಯುತ್ ಉಪಕರಣಗಳನ್ನು ಬಿಟ್ಟುಬಿಡಿ: ಜಪಾನಿನಲ್ಲಿ ವೋಲ್ಟೇಜ್ 100, ಅಮೆರಿಕದಲ್ಲಿ 120, ಯುರೋಪಿನಲ್ಲಿ 230. ಪ್ಲಗ್ಗಿನ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ.

ಔಷಧಗಳ ವಿಷಯದಲ್ಲಿ ಮಾತ್ರ ಎಚ್ಚರ. ಒಂದು ದೇಶದಲ್ಲಿ ವೈದ್ಯರೇ ಬರೆದುಕೊಡುವ ಮಾತ್ರೆ ಇನ್ನೊಂದರಲ್ಲಿ ಅಪರಾಧವಾಗಬಹುದು. ಆಂಫೆಟಮೈನ್ ಇರುವ ಔಷಧಗಳನ್ನು ಜಪಾನಿಗೆ ವೈದ್ಯರ ಚೀಟಿಯಿದ್ದರೂ ಒಯ್ಯುವಂತಿಲ್ಲ. ಕೊಡೀನ್, ಟ್ರಮಡಾಲ್ ಇರುವವನ್ನು ಸಂಯುಕ್ತ ಅರಬ್ ಸಂಸ್ಥಾನಕ್ಕೆ ಒಯ್ಯಲು ಮುಂಚೆಯೇ ಅನುಮತಿ ಬೇಕು. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿನ ಜತೆ ಮೂಲ ರಾಸಾಯನಿಕದ ಹೆಸರನ್ನೂ ಬರೆಸಿಕೊಳ್ಳಿ. ಅಲ್ಲಿನ ಔಷಧಿ ಅಂಗಡಿಯವರಿಗೆ ಅರ್ಥವಾಗುವುದು ಅದೊಂದೇ.

ಸಾಕುಪ್ರಾಣಿ ಇದ್ದರೆ ಅದರ ಲೆಕ್ಕ ನಿಮ್ಮ ವೀಸಾಕ್ಕಿಂತ ಮುಂಚೆ ಶುರುವಾಗುತ್ತದೆ. ಬಹುತೇಕ ದೇಶಗಳಿಂದ ಜಪಾನಿಗೆ ನಾಯಿ ಅಥವಾ ಬೆಕ್ಕನ್ನು ಒಯ್ಯಬೇಕಾದರೆ ರೇಬಿಸ್ ಪ್ರತಿಕಾಯದ ರಕ್ತ ಪರೀಕ್ಷೆಯ ನಂತರ 180 ದಿನ ಕಾಯಬೇಕು. ಮನೆಸಾಮಾನನ್ನು ಹಡಗಿನಲ್ಲಿ ಕಳಿಸುವವರು ಸುಂಕ ವಿನಾಯಿತಿಯ ನಿಯಮ ಓದಿಕೊಳ್ಳಿ. ಐರೋಪ್ಯ ಒಕ್ಕೂಟದಲ್ಲಿ ಹಿಂದಿನ 12 ತಿಂಗಳು ಹೊರಗೆ ವಾಸಿಸಿದ್ದವರ, ಕನಿಷ್ಠ ಆರು ತಿಂಗಳು ಬಳಸಿದ ವಸ್ತುಗಳಿಗೆ ವಿನಾಯಿತಿ ಇದೆ. ಹೊಚ್ಚಹೊಸ ಟಿವಿ ಕೊಂಡು ಒಯ್ಯುವ ಜಾಣತನ ಅಲ್ಲಿ ಫಲಿಸುವುದಿಲ್ಲ.

ಹಳೆಯ ಮೊಬೈಲ್ ಸಂಖ್ಯೆಯನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ಬ್ಯಾಂಕು, ತೆರಿಗೆ ಇಲಾಖೆ, ವಿಮೆ, ಪಿಂಚಣಿ ನಿಧಿ, ಎಲ್ಲದರ ಒಟಿಪಿ ಆ ಸಂಖ್ಯೆಗೇ ಬರುತ್ತದೆ. ಸಂಖ್ಯೆ ಕಳೆದುಹೋದರೆ ನಿಮ್ಮದೇ ಹಣ ನಿಮ್ಮ ಕೈಗೆ ಎಟಕುವುದಿಲ್ಲ, ಮರಳಿ ಪಡೆಯಲು ಖುದ್ದಾಗಿ ಶಾಖೆಗೆ ಬನ್ನಿ ಎನ್ನುತ್ತಾರೆ. ಎರಡು ಸಿಮ್ ಹಿಡಿಸುವ ಫೋನ್ ಇಟ್ಟುಕೊಂಡು, ಹಳೆಯದನ್ನು ಅತಿ ಅಗ್ಗದ ಯೋಜನೆಗೆ ಬದಲಿಸಿ, ಪರದೇಶದಲ್ಲೂ ಸಂದೇಶ ಬರುವಂತೆ ಸೌಲಭ್ಯ ಚಾಲೂ ಮಾಡಿಸಿ. ಊರಿನ ವ್ಯವಹಾರ ನೋಡಿಕೊಳ್ಳಲು ನಂಬಿಕಸ್ಥರಿಗೆ ಅಧಿಕಾರಪತ್ರ ಬರೆದುಕೊಡುವುದಿದ್ದರೆ ಅದನ್ನೂ ಈಗಲೇ ಮುಗಿಸಿ. ಹೊರಗಿನಿಂದ ಅದನ್ನೇ ಮಾಡಿಸಲು ದೂತಾವಾಸದ ಬಾಗಿಲು ಕಾಯಬೇಕಾಗುತ್ತದೆ.

ಮೊದಲ ತಿಂಗಳು: ವಿಳಾಸ

ಮೊದಲೇ ಹೇಳಿದ ಗಂಟನ್ನು ಬಿಡಿಸುವ ತುದಿ ಇದು. ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ, ಜಪಾನಿನಲ್ಲಿ ವಿಳಾಸ ನಿಗದಿಯಾದ 14 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ನೋಂದಾಯಿಸಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರಿಗೆ ಐದೇ ದಿನ. ಅಲ್ಲಿ ನಾಗರಿಕ ಸೇವಾ ಸಂಖ್ಯೆ ಸಿಗುವುದೂ, ಜರ್ಮನಿಯಲ್ಲಿ ತೆರಿಗೆ ಸಂಖ್ಯೆ ಹೊರಡುವುದೂ ಈ ನೋಂದಣಿಯ ಬೆನ್ನಿಗೇ. ಬ್ರಿಟನ್, ಅಮೆರಿಕಗಳಲ್ಲಿ ಇಂಥ ಕಡ್ಡಾಯ ವಿಳಾಸ ನೋಂದಣಿಯ ಕಚೇರಿ ಇಲ್ಲ. ಅಲ್ಲಿ ನಿಮ್ಮ ಹೆಸರಿಗೆ ಬಂದ ವಿದ್ಯುತ್ ಬಿಲ್ಲು, ಬ್ಯಾಂಕಿನ ಪತ್ರಗಳೇ ವಿಳಾಸದ ದಾಖಲೆ.

ಆದ್ದರಿಂದ ಮೊದಲ ನಾಲ್ಕರಿಂದ ಆರು ವಾರಕ್ಕೆ ತಾತ್ಕಾಲಿಕ ವಸತಿ ಗೊತ್ತುಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದಲ್ಲ. ‘ಈ ವಿಳಾಸದಲ್ಲಿ ನೋಂದಾಯಿಸಲು ಒಪ್ಪಿಗೆ ಪತ್ರ ಕೊಡುತ್ತೀರಾ?’ ಎಂಬುದೇ ಆ ಪ್ರಶ್ನೆ. ಅಗ್ಗದ ಕೋಣೆಗಳನ್ನು ಕೊಡುವವರಲ್ಲಿ ಅನೇಕರು ಇದಕ್ಕೆ ಒಪ್ಪುವುದಿಲ್ಲ. ಸ್ವಲ್ಪ ಹೆಚ್ಚು ಬಾಡಿಗೆಯಾದರೂ ಒಪ್ಪುವವರ ಬಳಿಗೇ ಹೋಗಿ. ಆ ಒಂದು ಪತ್ರ ಸಿಕ್ಕರೆ ಉಳಿದೆಲ್ಲ ಕಾಗದಗಳು ಅದರ ಹಿಂದೆಯೇ ಹೊರಡುತ್ತವೆ.

ನೋಂದಣಿಯಾದ ಸಂಜೆಯೇ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ. ಜರ್ಮನಿಯಲ್ಲಿ ವಿಳಾಸದಲ್ಲಿ ಕಟ್ಟಡದ ಸಂಖ್ಯೆ ಇರುತ್ತದೆ, ಒಳಗಿನ ಫ್ಲ್ಯಾಟಿನ ಸಂಖ್ಯೆ ಬರೆಯುವ ವಾಡಿಕೆ ಸಾಮಾನ್ಯವಾಗಿ ಇಲ್ಲ. ಅಂಚೆಯವರು ಕಟ್ಟಡದ ಬಾಗಿಲಲ್ಲಿ ಸಾಲಾಗಿರುವ ಪೆಟ್ಟಿಗೆಗಳ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ನಿಮ್ಮ ಹೆಸರು ಅಲ್ಲಿಲ್ಲದಿದ್ದರೆ ತೆರಿಗೆ ಸಂಖ್ಯೆಯ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನೀವು ಕಾಯುತ್ತಲೇ ಇರುತ್ತೀರಿ, ಮೊದಲ ಸಂಬಳದಲ್ಲಿ ಗರಿಷ್ಠ ದರದ ತೆರಿಗೆ ಕಡಿತವಾಗಿರಬಹುದು. ಬೇರೆಯವರ ಮನೆಯಲ್ಲಿ ಉಳಿದಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದನ್ನೂ ಅಂಟಿಸಿ.

ಕಾಯಂ ಮನೆಯನ್ನು ಕಣ್ಣಾರೆ ನೋಡದೆ ಹಣ ಕಳಿಸಬೇಡಿ. ‘ನಾನು ಈಗ ವಿದೇಶದಲ್ಲಿದ್ದೇನೆ, ಮುಂಗಡ ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತೇನೆ’ ಎನ್ನುವ ಮಾಲೀಕರು ಎಲ್ಲ ದೇಶಗಳಲ್ಲೂ ಮೋಸಗಾರರೇ. ಚಿತ್ರದಲ್ಲಿ ಮನೆ ಅತಿ ಸುಂದರ, ಬಾಡಿಗೆ ಅತಿ ಕಡಿಮೆ ಎಂದರೆ ಅನುಮಾನಿಸಿ.

ಮುಂಗಡ ಠೇವಣಿಗೆ ಕಾನೂನಿನ ಮಿತಿ ಎಷ್ಟೆಂದು ತಿಳಿದುಕೊಂಡೇ ಮಾತುಕತೆಗೆ ಕೂರಿ. ಜರ್ಮನಿಯಲ್ಲಿ ಬಿಸಿನೀರು, ನಿರ್ವಹಣೆ ಮುಂತಾದ ಖರ್ಚು ಬಿಟ್ಟು ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2023ರ ಜುಲೈ ನಂತರದ ಕರಾರುಗಳಿಗೆ ಎರಡು ತಿಂಗಳ ಮಿತಿ. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ ಐದು ವಾರದ ಬಾಡಿಗೆ. ಜಪಾನಿನಲ್ಲಿ ಠೇವಣಿಯ ಜತೆಗೆ ‘ರೇಕಿನ್’ ಎಂಬ ಕಾಣಿಕೆ ಕೇಳುವ ಪದ್ಧತಿ ಇನ್ನೂ ಇದೆ, ಅದು ವಾಪಸು ಬರುವುದಿಲ್ಲ. ಕಾಣಿಕೆ ಬೇಡವೆನ್ನುವ ಮನೆಗಳೂ ಈಗ ಸಿಗುತ್ತವೆ, ಹುಡುಕಬೇಕಷ್ಟೆ.

ಖಾಲಿ ಮನೆ ಎಂಬುದರ ಅರ್ಥ ದೇಶದಿಂದ ದೇಶಕ್ಕೆ ಬೇರೆ. ಪೀಠೋಪಕರಣ ಇಲ್ಲ ಎಂದಷ್ಟೇ ತಿಳಿದು ಜರ್ಮನಿಯಲ್ಲಿ ಬಾಗಿಲು ತೆರೆದರೆ ಅಡುಗೆಮನೆಯ ಕಟ್ಟೆ, ಸಿಂಕು, ಒಲೆ, ಕಡೆಗೆ ದೀಪಗಳೂ ಇಲ್ಲದೆ ಚಾವಣಿಯಿಂದ ಬರೀ ತಂತಿ ನೇತಾಡುತ್ತಿರಬಹುದು. ಹಿಂದಿನವರು ತಮ್ಮ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿರುತ್ತಾರೆ. ಕರಾರಿಗೆ ಸಹಿ ಹಾಕುವ ಮುನ್ನ ಏನೇನು ಉಳಿಯುತ್ತದೆಂದು ಬರಹದಲ್ಲಿ ಪಡೆಯಿರಿ. ಬೀಗದ ಕೈ ಪಡೆದ ದಿನ ಪ್ರತಿ ಗೋಡೆಯ, ಪ್ರತಿ ನಲ್ಲಿಯ, ಮೀಟರುಗಳ ಅಂಕಿಯ ಚಿತ್ರ ತೆಗೆದು ಮಾಲೀಕರಿಗೆ ಅಂದೇ ಇಮೇಲ್ ಮಾಡಿ. ವರ್ಷಗಳ ನಂತರ ಠೇವಣಿ ಹಿಂದಿರುಗಿಸುವಾಗ ಆಗುವ ಜಗಳಕ್ಕೆ ಸಾಕ್ಷಿ ಇಂದೇ ಸಿದ್ಧವಾಗಬೇಕು.

ಖಾತೆ ಮತ್ತು ಸಾಲದ ಇತಿಹಾಸ

ವಿಳಾಸ ಸಿಕ್ಕ ಮೇಲೆ ಬ್ಯಾಂಕ್ ಸುಲಭ. ಐರೋಪ್ಯ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ವಾಸಿಸುವ ಯಾರಿಗಾದರೂ ಮೂಲಭೂತ ಖಾತೆ ತೆರೆಯುವ ಹಕ್ಕನ್ನು 2014ರ ಒಂದು ನಿರ್ದೇಶನ ಕೊಟ್ಟಿದೆ. ಬ್ಯಾಂಕಿನ ಕಿಟಕಿಯಲ್ಲಿ ಇಲ್ಲ ಎಂದರೆ ‘ಮೂಲಭೂತ ಖಾತೆ’ ಎಂಬ ಹೆಸರು ಹೇಳಿಯೇ ಕೇಳಿ. ಮೊದಲ ಎರಡು ಮೂರು ತಿಂಗಳ ಖರ್ಚಿಗಾಗುವಷ್ಟು ಹಣ ಕೈಗೆಟುಕುವಂತಿರಲಿ, ಒಂದೇ ಕಾರ್ಡನ್ನು ನಂಬಬೇಡಿ. ನಗದು ಒಯ್ಯುವುದಾದರೆ, ಐರೋಪ್ಯ ಒಕ್ಕೂಟಕ್ಕೆ 10,000 ಯುರೋ ಅಥವಾ ಅದಕ್ಕೂ ಹೆಚ್ಚು, ಅಮೆರಿಕಕ್ಕೆ 10,000 ಡಾಲರ್‌ಗೂ ಹೆಚ್ಚು ಇದ್ದರೆ ಘೋಷಿಸಬೇಕು.

ಊರಿನಲ್ಲಿ ಹತ್ತು ವರ್ಷ ಕಂತು ತಪ್ಪದೆ ಸಾಲ ತೀರಿಸಿದ ಒಳ್ಳೆಯ ಹೆಸರು ಗಡಿ ದಾಟುವುದಿಲ್ಲ. ಹೊಸ ದೇಶದ ಕ್ರೆಡಿಟ್ ದಾಖಲೆಯಲ್ಲಿ ನೀವು ನಿನ್ನೆ ಹುಟ್ಟಿದವರು. ಅಮೆರಿಕ, ಕೆನಡಾಗಳಲ್ಲಿ ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡಿನಿಂದ ಆರಂಭಿಸಿ, ಸ್ವಲ್ಪವೇ ಬಳಸಿ ಪ್ರತಿ ತಿಂಗಳೂ ಪೂರ್ತಿ ಕಟ್ಟುವುದು ರೂಢಿಯ ದಾರಿ. ಅದಕ್ಕೆ ಸಮಯ ಹಿಡಿಯುವುದರಿಂದ ಕಾರ್ಡು ಬೇಕಾದಾಗ ಅಲ್ಲ, ಬೇಡವಾಗಿರುವಾಗಲೇ ಪಡೆಯಿರಿ.

ಆರೋಗ್ಯ ವಿಮೆ

ಇದನ್ನು ಮುಂದೂಡುವುದು ಅತ್ಯಂತ ದುಬಾರಿ ಸೋಮಾರಿತನ. ನೆದರ್‌ಲ್ಯಾಂಡ್ಸ್‌ನಲ್ಲಿ ವಿಮೆ ಮಾಡಿಸಲು ನಾಲ್ಕು ತಿಂಗಳ ಕಾಲಾವಕಾಶ ಇದೆ. ಹಾಗೆಂದು ನಾಲ್ಕನೇ ತಿಂಗಳಲ್ಲಿ ಮಾಡಿಸಿದರೆ ಉಳಿತಾಯವಾಗುವುದಿಲ್ಲ: ಕಂತನ್ನು ಬಾಧ್ಯತೆ ಶುರುವಾದ ಮೊದಲ ದಿನದಿಂದಲೇ ಲೆಕ್ಕ ಹಾಕುತ್ತಾರೆ. ಬ್ರಿಟನ್‌ಗೆ ಆರು ತಿಂಗಳಿಗಿಂತ ಹೆಚ್ಚು ಅವಧಿಗೆ ಹೋಗುವವರಲ್ಲಿ ಬಹುತೇಕರು ವೀಸಾ ಅರ್ಜಿಯ ಜತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರುವರಿಯಿಂದ ವಯಸ್ಕರಿಗೆ ಅದು ವರ್ಷಕ್ಕೆ 1,035 ಪೌಂಡ್, ಇಡೀ ವೀಸಾ ಅವಧಿಯದ್ದನ್ನು ಒಮ್ಮೆಲೇ. ಅಮೆರಿಕದಲ್ಲಿ ವಿಮೆ ಇದ್ದರೂ ಮೊದಲ ಇಷ್ಟು ಸಾವಿರ ಡಾಲರ್ ನಿಮ್ಮದೇ ಜೇಬಿನಿಂದ ಎಂಬ ಷರತ್ತು ಸಾಮಾನ್ಯ. ಕಚೇರಿ ಕೊಡುವ ಯೋಜನೆಗಳಲ್ಲಿ ಒಂದನ್ನು ಆರಿಸುವಾಗ ತಿಂಗಳ ಕಂತಿನ ಜತೆ ಆ ಅಂಕಿಯನ್ನೂ ನೋಡಿ.

ವಿಮೆಯಾದ ಕೂಡಲೇ, ಜ್ವರ ಬರುವ ಮುನ್ನ, ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಿ. ಅನೇಕ ದೇಶಗಳಲ್ಲಿ ಅವರ ಚೀಟಿ ಇಲ್ಲದೆ ತಜ್ಞ ವೈದ್ಯರು ನೋಡುವುದೇ ಇಲ್ಲ. ತುರ್ತು ಸಂಖ್ಯೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ: ಯುರೋಪಿನಲ್ಲಿ 112, ಉತ್ತರ ಅಮೆರಿಕದಲ್ಲಿ 911, ಜಪಾನಿನಲ್ಲಿ ಆಂಬುಲೆನ್ಸಿಗೆ 119, ಪೊಲೀಸರಿಗೆ 110.

ತೆರಿಗೆ

‘183 ದಿನ ಮೀರದಿದ್ದರೆ ತೆರಿಗೆ ಇಲ್ಲ’ ಎಂಬ ಮಾತು ವಲಸಿಗರ ನಡುವೆ ವೇದವಾಕ್ಯದಂತೆ ಓಡಾಡುತ್ತದೆ. ಅದು ಅರ್ಧಸತ್ಯ. ಅನೇಕ ದೇಶಗಳು ದಿನಗಳ ಜತೆಗೆ ನಿಮ್ಮ ಮನೆ, ಕುಟುಂಬ, ಆದಾಯದ ಮೂಲ ಎಲ್ಲಿದೆ ಎಂಬುದನ್ನೂ ನೋಡುತ್ತವೆ. ಎರಡು ದೇಶಗಳೂ ನೀವು ನಮ್ಮ ನಿವಾಸಿ ಎಂದರೆ, ಅವುಗಳ ನಡುವಿನ ದ್ವಿತೆರಿಗೆ ತಪ್ಪಿಸುವ ಒಪ್ಪಂದ ತೀರ್ಮಾನಿಸುತ್ತದೆ. ಮೊದಲು ಕಾಯಂ ಮನೆ ಎಲ್ಲಿ, ನಂತರ ಬದುಕಿನ ಕೇಂದ್ರ ಎಲ್ಲಿ, ನಂತರ ರೂಢಿಯ ವಾಸ ಎಲ್ಲಿ, ಕೊನೆಗೆ ಪೌರತ್ವ ಯಾವುದು: ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇದೇ ಸರದಿ. ಅಮೆರಿಕದ ಪೌರರಾಗಿದ್ದರೆ ಎಲ್ಲಿದ್ದರೂ ಅಲ್ಲಿಗೆ ಲೆಕ್ಕ ಕೊಡಲೇಬೇಕು.

ಊರಿನ ಖಾತೆ ಅಲ್ಲಿನವರಿಗೆ ಗೊತ್ತಾಗದು ಎಂದುಕೊಳ್ಳುವ ಕಾಲ ಮುಗಿಯಿತು. 2017ರಿಂದ ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುವ ವ್ಯವಸ್ಥೆಗೆ ಹಂತಹಂತವಾಗಿ ಸೇರಿವೆ. ಹೊರಡುವ ವರ್ಷ ಮತ್ತು ತಲುಪಿದ ವರ್ಷ, ಈ ಎರಡಕ್ಕೆ ಮಾತ್ರ ಎರಡೂ ದೇಶ ತಿಳಿದ ತೆರಿಗೆ ಸಲಹೆಗಾರರಿಗೆ ಹಣ ಕೊಡಿ. ಆಮೇಲೆ ಸ್ವಂತವಾಗಿ ಸಲ್ಲಿಸಬಹುದು. ಕಂಪನಿಯೇ ಕಳಿಸುತ್ತಿದ್ದರೆ ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ ಇದೆಯೇ ಎಂದು ಕೇಳಿ. ಇದ್ದರೆ ಒಂದು ಪ್ರಮಾಣಪತ್ರದ ಬಲದಿಂದ ಎರಡೂ ಕಡೆ ಪಿಂಚಣಿ ವಂತಿಗೆ ಕಟ್ಟುವುದು ತಪ್ಪುತ್ತದೆ.

ವಾಹನ, ಶಾಲೆ

ಅಂತರರಾಷ್ಟ್ರೀಯ ಚಾಲನಾ ಅನುಮತಿ ಸ್ವತಂತ್ರ ಪರವಾನಗಿ ಅಲ್ಲ, ನಿಮ್ಮ ಪರವಾನಗಿಯ ಅನುವಾದ. ಊರು ಬಿಡುವ ಮುನ್ನವೇ ಪಡೆಯಬೇಕು. ಅದರಲ್ಲಿ 1949ರ ಮತ್ತು 1968ರ ಒಪ್ಪಂದಗಳ ಎರಡು ನಮೂನೆಗಳಿದ್ದು, ಜಪಾನ್ ಮೊದಲನೆಯದನ್ನಷ್ಟೇ ಒಪ್ಪುತ್ತದೆ. ಹಳೆಯ ಪರವಾನಗಿಯಲ್ಲಿ ಓಡಿಸಲು ಜರ್ಮನಿಯಲ್ಲಿ ವಾಸ ಆರಂಭಿಸಿದ ಮೇಲೆ ಆರು ತಿಂಗಳು, ಬ್ರಿಟನ್ನಿನಲ್ಲಿ 12 ತಿಂಗಳು ಅವಕಾಶ.

ಮಕ್ಕಳಿದ್ದರೆ ಶಾಲೆ ನೋಡಿ ಮನೆ ಹಿಡಿಯಿರಿ. ಸರ್ಕಾರಿ ಶಾಲೆಯ ಸೀಟು ಅನೇಕ ಕಡೆ ಮನೆಯ ವಿಳಾಸದ ಮೇಲೆ ನಿಂತಿರುತ್ತದೆ. ಶಾಲಾ ವರ್ಷ ಜಪಾನಿನಲ್ಲಿ ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ ಜನವರಿಯ ಕೊನೆಗೆ, ಯುರೋಪಿನ ಬಹುತೇಕ ಕಡೆ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ.

ಜತೆಗೆ ಬಂದವರು

ಮಾರ್ಗದರ್ಶಿಗಳು ಸಾಮಾನ್ಯವಾಗಿ ಕೆಲಸಕ್ಕೆ ಹೋಗುವವರನ್ನು ಉದ್ದೇಶಿಸಿ ಬರೆದಿರುತ್ತವೆ. ಅವರಿಗೆ ಮೊದಲ ದಿನದಿಂದಲೇ ಹೋಗಲು ಒಂದು ಜಾಗ, ಮಾತಾಡಲು ಸಹೋದ್ಯೋಗಿಗಳು ಇರುತ್ತಾರೆ. ಕೆಲಸ ಬಿಟ್ಟು ಜತೆಗೆ ಬಂದ ಗಂಡನಿಗೋ ಹೆಂಡತಿಗೋ ಇರುವುದು ಖಾಲಿ ಮನೆ ಮತ್ತು ಫೋನು. ವಲಸೆ ಮುರಿದುಬೀಳುವುದು ಅನೇಕ ಬಾರಿ ಇಲ್ಲೇ. ಅವಲಂಬಿತರ ವೀಸಾದಲ್ಲಿ ದುಡಿಯಲು ಅನುಮತಿ ಇದೆಯೇ ಎಂಬುದನ್ನು ಉದ್ಯೋಗದ ಆಹ್ವಾನ ಒಪ್ಪುವ ಮುನ್ನವೇ ನೋಡಿ. ಬ್ರಿಟನ್ನಿನ ನುರಿತ ಉದ್ಯೋಗಿಗಳ ಸಂಗಾತಿಗೆ ಇದೆ. ಅಮೆರಿಕದ ಎಚ್‌-4 ವೀಸಾದವರಲ್ಲಿ ಬಹುತೇಕರಿಗೆ ಇಲ್ಲ. ವೈದ್ಯರು, ದಾದಿಯರು, ಶಿಕ್ಷಕರು, ವಕೀಲರಾಗಿದ್ದರೆ ಅಲ್ಲಿನ ಮಂಡಳಿಯ ಮಾನ್ಯತೆ ಪಡೆಯಲು ವರ್ಷಗಳೇ ಹಿಡಿಯಬಹುದು, ಅರ್ಜಿಯನ್ನು ಊರಿನಿಂದಲೇ ಹಾಕಿ.

ಭಾಷೆಯ ತರಗತಿಗೆ ಇಬ್ಬರೂ ಸೇರಿ. ಮೊದಲು ಕಲಿಯಬೇಕಾದದ್ದು ಶುಭೋದಯ ಅಲ್ಲ: ಅಂಕಿಗಳು, ದಿನಾಂಕ, ಮತ್ತು ನಿಮ್ಮ ಹೆಸರನ್ನು ಫೋನಿನಲ್ಲಿ ಅಕ್ಷರ ಬಿಡಿಸಿ ಹೇಳುವುದು. ವೈದ್ಯರ ಭೇಟಿಯ ಸಮಯ, ಬಿಲ್ಲಿನ ಸಂಖ್ಯೆ, ದೂರು, ಮೊದಲ ವರ್ಷದ ಕರೆಗಳೆಲ್ಲ ಈ ಮೂರರಲ್ಲೇ ನಡೆಯುತ್ತವೆ.

ಹೊಸ ದೇಶದ ಬಗ್ಗೆ ಮೊದಲು ಮೋಹ, ಕೆಲವು ತಿಂಗಳಲ್ಲಿ ಜಿಗುಪ್ಸೆ, ನಿಧಾನವಾಗಿ ಹೊಂದಾಣಿಕೆ ಎಂಬ ಹಂತಗಳನ್ನು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1950ರ ದಶಕದಲ್ಲಿ ವಿವರಿಸಿದರು. ಎಲ್ಲರೂ ಅದೇ ಸಾಲಿನಲ್ಲಿ ನಡೆಯುವುದಿಲ್ಲ, ಕೆಲವರಿಗೆ ಮೊದಲ ವಾರವೇ ಕಷ್ಟ. ಆದರೂ ನಡುವಿನ ಹಂತ ಬರುತ್ತದೆಂದು ತಿಳಿದಿದ್ದರೆ ಒಂದು ಲಾಭ ಇದೆ: ಆ ದಿನಗಳಲ್ಲಿ ವಾಪಸು ಹೋಗುವ ಅಥವಾ ಕೆಲಸ ಬಿಡುವ ತೀರ್ಮಾನ ಮಾಡದಿರಬಹುದು. ಸ್ವದೇಶದವರ ಸಂಘ ಬೇಕು, ಹಬ್ಬಕ್ಕೂ ಕಷ್ಟಕ್ಕೂ. ಅದರ ಹೊರಗೆ, ಕ್ರೀಡಾ ತಂಡವೋ ಗಾಯನ ಮಂಡಳಿಯೋ, ಪ್ರತಿ ವಾರ ಅದೇ ಜನ ಸೇರುವ ಒಂದು ಜಾಗವೂ ಇರಲಿ. ಒಮ್ಮೆ ಭೇಟಿಯಾಗಿ ಚದುರುವ ಕೂಟಗಳಲ್ಲಿ ಗೆಳೆತನ ಬೆಳೆಯುವುದು ಕಷ್ಟ.

ದಿನಗಳ ಲೆಕ್ಕ

ಮೊದಲ ಪ್ರವೇಶದ ದಿನವೇ ಒಂದು ಹಾಳೆ ತೆರೆಯಿರಿ. ದೇಶದಿಂದ ಹೊರಗೆ ಹೋದ ದಿನ, ಮರಳಿದ ದಿನ, ಎಲ್ಲಿಗೆ, ಯಾಕೆ. ಇಷ್ಟೇ ನಾಲ್ಕು ಅಂಕಣ. ಬ್ರಿಟನ್ನಿನ ಹಲವು ಕೆಲಸದ ವೀಸಾಗಳಲ್ಲಿ ಕಾಯಂ ವಾಸ ಕೇಳುವಾಗ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿದ್ದಿಲ್ಲ ಎಂದು ತೋರಿಸಬೇಕು. ಐರೋಪ್ಯ ಒಕ್ಕೂಟದ ದೀರ್ಘಕಾಲೀನ ವಾಸಕ್ಕೆ ಐದು ವರ್ಷದಲ್ಲಿ ಸತತ ಆರು ತಿಂಗಳು ಅಥವಾ ಒಟ್ಟು ಹತ್ತು ತಿಂಗಳು ಮೀರಬಾರದು. ಐದು ವರ್ಷದ ನಂತರ ಹಳೆಯ ಬೋರ್ಡಿಂಗ್ ಪಾಸ್ ಹುಡುಕುತ್ತ ಕೂರುವ ಗೋಳು ಈ ಹಾಳೆಯಿಂದ ತಪ್ಪುತ್ತದೆ.

ಅದೇ ಹಾಳೆಯ ಮೇಲ್ಭಾಗದಲ್ಲಿ ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಮುಗಿಯುವ ದಿನಾಂಕ ಬರೆದು, ಮೂರು ತಿಂಗಳ ಮುಂಚಿನ ದಿನಕ್ಕೆ ಫೋನಿನಲ್ಲಿ ಎಚ್ಚರಿಕೆ ಇಡಿ. ದೊಡ್ಡ ನಗರಗಳಲ್ಲಿ ವಲಸೆ ಕಚೇರಿಯ ಭೇಟಿಯ ದಿನ ಸಿಗಲೇ ಅಷ್ಟು ಕಾಲ ಹಿಡಿಯುವುದುಂಟು. ಅರ್ಜಿ ಹಾಕಿದ ರಸೀದಿಯನ್ನು ಮುದ್ರಿಸಿ ಪಾಸ್‌ಪೋರ್ಟಿನ ಒಳಗೇ ಇಡಿ.